ದೂರು ಯಾರ ತಲೆಗೆ?

ನೀರು ಸರಬರಾಜು ಕಚೇರಿಯ ಪ್ರೋಗ್ರಾಮರ್ ಆ ಬೆಳಿಗ್ಗೆ ಸುಮ್ಮನೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಮರುದಿನದಿಂದ ಅವನಿಗೆ ರಜೆ; ನಾದಿನಿಯ ಮದುವೆ. "ಈ ಸಲವೂ ತಪ್ಪಿಸ್ಕೊಂಡ್ರೆ ಆ ಕಂಪ್ಯೂಟರ್ ಜೊತೆನೇ ಸಂಸಾರ ಮಾಡಿ" ಎಂದು ಹೆಂಡತಿ ಹೇಳಿಯಾಗಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ. ದೂರಿನ ಕರೆಗಳನ್ನು ಹಂಚುವ ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಪ್ರೋಗ್ರಾಮಿನ ಉದ್ದುದ್ದ ಸಾಲುಗಳನ್ನು ಅಳಿಸಿ, ವಿಭಾಗಕ್ಕೊಂದರಂತೆ ಪ್ರೊಸೀಜರ್ ವೇರಿಯೇಬಲ್ ಕೂರಿಸಿದ.

"ಅಂದ್ರೇನಪ್ಪಾ ಅದು?" ಎಂದು ಪಂಪು ವಿಭಾಗದ ಹಿರಿಯರು ಇಣುಕಿದರು.

"ಇದರಲ್ಲಿ ಅಂಕಿ ಇಡಲ್ಲ ಸಾರ್, ಕೆಲಸದ ವಿಳಾಸ ಇಡ್ತೀವಿ. ದೂರು ಬಂದ್ರೆ ಪ್ರೋಗ್ರಾಮು ನೇರ ಆ ವಿಳಾಸಕ್ಕೆ ಹೋಗುತ್ತೆ. ಅಲ್ಲಿ ಯಾರಿದ್ದಾರೆ ಅಂತ ಕೇಳೋದೇ ಇಲ್ಲ. ವಿಳಾಸ ಬದಲಾಯಿಸಿದ್ರೆ ಕೆಲಸ ಇನ್ನೊಬ್ಬರದು."

ಇಡೀ ಸೇವೆಯಲ್ಲಿ ಹಿರಿಯರಿಗೆ ಯಾವ ತಂತ್ರಜ್ಞಾನವೂ ಇಷ್ಟು ಬೇಗ ಅರ್ಥವಾಗಿರಲಿಲ್ಲ. "ಹಾಗಾದ್ರೆ ನಮ್ಮ ದೂರೆಲ್ಲ ಪೈಪಿನವರ ವಿಳಾಸಕ್ಕೆ ಹಾಕಿಬಿಡಪ್ಪಾ, ಪುಣ್ಯ ಬರುತ್ತೆ."

ದಾಕ್ಷಿಣ್ಯದ ಪ್ರಾಣಿ, ಹಾಕಿಬಿಟ್ಟ. ಗಾಳಿಸುದ್ದಿ ಹಿಡಿದು ಬಂದ ಪೈಪಿನ ಮೇಡಂ ತಮ್ಮದನ್ನು ಮೀಟರಿನವರಿಗೆ ತಿರುಗಿಸಿಕೊಂಡರು, ಮೀಟರಿನವರು ಪಂಪಿನವರಿಗೆ. ಮಧ್ಯಾಹ್ನ ಬಂದ ಮೊದಲ ದೂರು ಮೂವರ ನಡುವೆ ಗಾಣದೆತ್ತಿನಂತೆ ಸುತ್ತಿ ಸುತ್ತಿ, ಪ್ರೋಗ್ರಾಮು ಉಸಿರುಗಟ್ಟಿ ನಿಂತಿತು. ಕಡತಗಳು ವರ್ಷಗಟ್ಟಲೆ ಹೀಗೇ ಸುತ್ತಿದ್ದವು, ಯಾರಿಗೂ ಏನೂ ಆಗಿರಲಿಲ್ಲ. ಯಂತ್ರಕ್ಕೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಸಂಜೆಯೊಳಗೆ ಸರಿಹೋಗದಿದ್ರೆ ನಿನ್ನ ರಜೆ ರದ್ದು" ಎಂದರು ಸಾಹೇಬರು. "ಯಾರ ತಲೆಗೆ ಕಟ್ತೀಯೋ ಕಟ್ಟು. ನನಗೆ ಹೇಳ್ಲೂ ಬೇಡ."

ಹೇಳಬೇಡ ಎಂದಮೇಲೆ ಅವನಿಗೂ ಧೈರ್ಯ ಬಂತು. ಮರುದಿನದಿಂದ ಎಲ್ಲ ದೂರೂ ಸಾಹೇಬರ ಮೇಜಿನ ಫೋನಿಗೇ ಹೋಗಲಿ ಎಂದು ವಿಳಾಸ ಬರೆದ. ತಾನು ಮದುವೆಮನೆಯಲ್ಲಿ ಇರುತ್ತೇನೆ, ಬೈಯುವುದಾದರೆ ಗೋಡೆಗೆ ಬೈಯಲಿ ಎಂದು ಒಳಗೊಳಗೇ ನಕ್ಕ.

ಸಂಜೆ ಸಾಹೇಬರು ಕರೆಸಿದರು. ಮುಖದಲ್ಲಿ ನಗು ಕಂಡು ಅವನ ಜೀವ ಇನ್ನೂ ಹೆದರಿತು.

"ಪ್ರೋಗ್ರಾಮು ಸರಿಹೋಯ್ತಂತೆ, ಭೇಷ್. ಇನ್ನು ಅದನ್ನ ಯಾರೂ ಮುಟ್ಟಬಾರದು ಅಂತ ಆದೇಶ ಕೊಟ್ಟಿದ್ದೀನಿ. ನಾಳೆಯಿಂದ ನಾನು ರಜೆ. ಹೆಂಡತಿ ಕಡೆ ಮದುವೆ, ಹೋಗದಿದ್ರೆ ಮನೇಲಿ ಉಳಿಗಾಲ ಇಲ್ಲ. ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡು. ನಿನ್ನ ರಜೆ ಆಮೇಲೆ ನೋಡೋಣ, ನಾನು ಬರೋವರೆಗೂ ಈ ಕುರ್ಚಿ ನಿಂದು."

ಮರುದಿನ ಅವನು ಕುರ್ಚಿಯಲ್ಲಿ ಕೂರುವಷ್ಟರಲ್ಲೇ ಫೋನು ಬಡಿದುಕೊಂಡಿತು. ಯಾರಿದ್ದಾರೆಂದು ಪ್ರೋಗ್ರಾಮು ಕೇಳಲಿಲ್ಲ.

"ದೂರು ಬರ್ಕೊಳ್ಳಿ" ಎಂದಿತು ಹೆಂಡತಿಯ ದನಿ. "ಮದುವೆಗೆ ಹೊರಡೋ ಹೊತ್ತಿಗೆ ನಲ್ಲೀಲಿ ನೀರಿಲ್ಲ, ಮನೇಲಿ ಗಂಡ ಇಲ್ಲ."