ಹಿಂದಿನ ಸೀಟಿನ ಮೂರು ನಿಮಿಷ

ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ರಜೆ ಹಾಕದ ಕುರಮೊಚಿ, ಆ ಶನಿವಾರ ಬೆಳಗ್ಗೆ ಆರೂಮುಕ್ಕಾಲಿಗೆ ಮೂಗು ಹಿಡಿದುಕೊಂಡು ಮ್ಯೂಸಿಯಮ್ಮಿಗೆ ಫೋನ್ ಮಾಡಿ, ತನಗೆ ಜ್ವರ ಬಂದಿದೆ ಎಂದ. ಆ ದಿನದ ತೊಂದರೆಗಳೆಲ್ಲ ಶುರುವಾದದ್ದು ಅಲ್ಲಿಂದಲೇ.

"ಮೂಗು ಹಿಡ್ಕೊಂಡ್ರೆ ಅದು ನೆಗಡಿ ಕಣೋ," ಎಂದಳು ಅವನ ತಾಯಿ ಫುಸಾಯೆ, ಅಡಿಯಲ್ಲಿ ಹೀಟರಿರುವ ತಗ್ಗು ಮೇಜಿನ ಹೊದಿಕೆಯೊಳಗೆ ಕಾಲು ಚಾಚಿಕೊಂಡು. "ಜ್ವರ ಅಂದ್ರೆ ಧ್ವನಿ ನಡುಗಬೇಕು."

"ನಡುಗ್ತಾನೇ ಇದೆಯಲ್ಲಮ್ಮ!"

ನಿಜಕ್ಕೂ ನಡುಗುತ್ತಿತ್ತು. ಐವತ್ತೆಂಟು ವರ್ಷದ ಕುರಮೊಚಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಆ ಕಡೆಯಿಂದ ನಿರ್ದೇಶಕ ತೊಗಾಶಿಯವರು "ಅಯ್ಯೋ ಪಾಪ, ಬೆಚ್ಚಗೆ ಹೊದ್ದು ಮಲಗಿ. ಇಲ್ಲಿದನ್ನ ನಾವು ನೋಡ್ಕೋತೀವಿ" ಎಂದಾಗ, ಅವನು ಫೋನಿಗೆ ನಾಲ್ಕು ಸಲ ಬಗ್ಗಿ ನಮಸ್ಕರಿಸಿದ. ನಾಲ್ಕನೆಯ ಸಲ ತಲೆ ಗೋಡೆಗೆ ಬಡಿಯಿತು.

ಅವನು ಕೆಲಸ ಮಾಡುವ ಹಳೆಯ ಕಾರುಗಳ ಮ್ಯೂಸಿಯಂ ಇರುವುದು ಕವಾಶಿರೊ ಊರಿನಲ್ಲಿ ಮೊದಲು ರೇಷ್ಮೆ ಗಿರಣಿಯಾಗಿದ್ದ ಕಟ್ಟಡದಲ್ಲಿ. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಯಜಮಾನರ ಕಪ್ಪು ಕಾರು ಮಾತ್ರ ಅಲ್ಲೇ ಉಳಿದಿದೆ, ಶ್ರಾದ್ಧಕ್ಕೆ ಬಂದು ಹೊರಡುವುದನ್ನು ಮರೆತ ದೊಡ್ಡ ನೆಂಟನ ಹಾಗೆ. ಅದರ ಹಿಂದಿನ ಸೀಟಿಗೆ ಬಿಳಿ ಲೇಸಿನ ಹೊದಿಕೆ. ಆ ಲೇಸು ಹೆಣೆದವಳು, ಆಗ ಗಿರಣಿಯಲ್ಲಿ ಕೆಲಸಕ್ಕಿದ್ದ ಹದಿನೆಂಟರ ಹುಡುಗಿ ಫುಸಾಯೆ. ಒಂದು ಇಡೀ ಚಳಿಗಾಲ ಹೆಣೆದಿದ್ದಳು. ಮುಗಿದ ದಿನ ಕಾರಿನ ಹೊರಗೆ ನಿಂತು, ಒಳಕ್ಕೆ ಬಗ್ಗಿ ತಾನೇ ಹೊದಿಸಿದ್ದಳು. ಮೇಲ್ವಿಚಾರಕ ಹಿಂದೆ ನಿಂತು "ಮೊಣಕಾಲು ಊರಬೇಡ, ಮೊಣಕಾಲು ಊರಬೇಡ" ಎನ್ನುತ್ತಿದ್ದನಂತೆ.

"ಕೈಗೆ ಗೊತ್ತು ಆ ಸೀಟು," ಎನ್ನುತ್ತಿದ್ದಳು ಫುಸಾಯೆ. "ಬೆನ್ನಿಗೆ ಹೇಗಿರತ್ತೋ ಅದು ಗೊತ್ತಿಲ್ಲ."

ಮಗನಿಗೆ ಮ್ಯೂಸಿಯಮ್ಮಿನಲ್ಲಿ ಆ ಕಾರನ್ನೇ ಒರೆಸುವ ಕೆಲಸ ಸಿಕ್ಕಾಗ ಅವಳು ಊರಿಗೆಲ್ಲ ಹಬ್ಬದ ದಿನ ಮಾಡುವ ಕೆಂಪು ಬೀನ್ಸಿನ ಅನ್ನ ಹಂಚಿದಳು. ಅಂದು ಸಂಜೆಯಿಂದ ಒಂದೇ ಪ್ರಶ್ನೆ: "ಕೂತ್ಯಾ?" ಸಿಬ್ಬಂದಿ ಕಾರಿನಲ್ಲಿ ಕೂರುವಂತಿಲ್ಲ. ಬಿಳಿ ಗವುಸು ಹಾಕಿ ಹೊರಗಿನಿಂದ ಒರೆಸಬಹುದು, ಒಳಗನ್ನು ಕುಂಚದಿಂದ ಗುಡಿಸಬಹುದು, ಅಷ್ಟೇ. ಒಂದು ಸಲ, ಒಂದೇ ಒಂದು ಸಲ ಕೂರುತ್ತೇನೆಂದು ನಿರ್ದೇಶಕರನ್ನು ಕೇಳಲು ಕುರಮೊಚಿ ಮೂರು ಬಾರಿ ಅವರ ಕೋಣೆಗೆ ಹೋಗಿದ್ದ. ಮೂರು ಬಾರಿಯೂ "ಏನು ಕುರಮೊಚಿ ಸಾನ್?" ಎಂದು ಅವರು ಮರ್ಯಾದೆಯಿಂದ ಕರೆದು, ಕನ್ನಡಕ ತೆಗೆದು ನೋಡಿದ ಕೂಡಲೇ "ಮೇಣದ ಪಾಲಿಶ್ ಮುಗೀತಾ ಬಂದಿದೆ" ಎಂದು ಹೇಳಿ ಬಂದಿದ್ದ. ಹೀಗಾಗಿ ಉಗ್ರಾಣದಲ್ಲಿ ಇನ್ನೂ ಎಂಟು ವರ್ಷಕ್ಕಾಗುವಷ್ಟು ಪಾಲಿಶ್ ಇತ್ತು.

ಈಗ ಕಾಲ ಮಿಂಚುತ್ತಿತ್ತು. ಸೋಮವಾರ ಆ ಕಾರು ರಾಜಧಾನಿಯ ದೊಡ್ಡ ಮ್ಯೂಸಿಯಮ್ಮಿಗೆ ಹೋಗುತ್ತದೆ, ಗಾಜಿನ ಗೋಡೆಯ ಹಿಂದಕ್ಕೆ. ಹೋಗುವ ಮುಂಚಿನ ಹಳೆಯ ಕಾರುಗಳ ಮೇಳದಲ್ಲಿ, ಶನಿವಾರ ಮಾತ್ರ, ನಲವತ್ತು ಮಂದಿ ಪ್ರೇಕ್ಷಕರಿಗೆ ಅದರ ಹಿಂದಿನ ಸೀಟಿನಲ್ಲಿ ತಲಾ ಮೂರು ನಿಮಿಷ ಕೂರುವ ಅವಕಾಶ. ಪ್ರೇಕ್ಷಕರಿಗೆ ಮಾತ್ರ.

"ನೀನೇ ಬಾರಮ್ಮ," ಎಂದು ಅವನು ವಾರವಿಡೀ ಕರೆದಿದ್ದ.

"ಯಜಮಾನರ ಕಾರಲ್ಲಿ ನಾನಾ? ಅಷ್ಟು ಜನರ ಎದುರಿಗೆ? ಹೋಗೋ. ಈ ಮೊಣಕಾಲು ಹೊಸಿಲು ದಾಟಲ್ಲ, ಕಾರು ಹತ್ತತ್ತಾ? ನೀನು ಕೂತು ಬಂದು ಹೇಳು. ಸರಿಯಾಗಿ ಹೇಳಬೇಕು. ‘ಚೆನ್ನಾಗಿತ್ತು’ ಅಂತ ಒಂದೇ ಮಾತಲ್ಲಿ ಮುಗಿಸಿದ್ಯೋ, ರಾತ್ರಿ ಊಟ ಇಲ್ಲ."

ಆದ್ದರಿಂದ ಕುರಮೊಚಿ ಟೋಪಿ, ಮುಖಕ್ಕೆ ಮಾಸ್ಕ್, ಕಣ್ಣಿಗೆ ಅಮ್ಮನ ಹಳೆಯ ಕಪ್ಪು ಕನ್ನಡಕ ಹಾಕಿಕೊಂಡು, ಕನ್ನಡಿಯಲ್ಲಿ ಬ್ಯಾಂಕ್ ದರೋಡೆಗೆ ಹೊರಟು ಹೆದರಿಕೊಂಡ ಗುಮಾಸ್ತನಂತೆ ಕಾಣುತ್ತ ಬಾಗಿಲು ತೆರೆದ. ಬಾಗಿಲಲ್ಲಿ ಪಕ್ಕದ ಮನೆಯ ಉದಗಾವ ಸಾನ್ ನಿಂತಿದ್ದಳು, ಕೈಯಲ್ಲಿ ಗಂಜಿಯ ಪಾತ್ರೆ.

"ಜ್ವರ ಅಂತಲ್ಲ!" ಎಂದಳು.

"ನಿಮಗೆ ಹೇಗೆ...?"

"ನಿಮ್ಮ ಟಿಕೆಟ್ ಕೌಂಟರಿನ ಹೊರಿಗೊಮೆ ನನ್ನ ನಾದಿನಿ ಅಲ್ವಾ? ಏಳು ಗಂಟೆಗೇ ಫೋನ್ ಬಂತು. ಏಳೂಕಾಲಿಗೆ ಗಂಜಿ ಇಟ್ಟೆ. ಎಲ್ಲಿಗೆ ಹೊರಟ್ರಿ ಈ ಜ್ವರದಲ್ಲಿ?"

"ಕ್ಲಿ... ಕ್ಲಿನಿಕ್‌ಗೆ."

"ನಡ್ಕೊಂಡಾ? ಹುಚ್ಚಾ ನಿಮಗೆ? ಹತ್ತಿ ನನ್ನ ಕಾರು!"

ಉದಗಾವ ಸಾನ್ ಆ ಬೀದಿಯ ನೆರೆಹೊರೆ ಸಂಘದ ಮುಖ್ಯಸ್ಥೆ. ಕಸ ಹಾಕುವ ದಿನ ತಪ್ಪಿದವರನ್ನು ಚೀಲದ ಗಂಟು ನೋಡಿಯೇ ಪತ್ತೆ ಮಾಡುವವಳು. ಅವಳಿಗೆ ಇಲ್ಲ ಎಂದವರು ಇನ್ನೂ ಹುಟ್ಟಿರಲಿಲ್ಲ. ಕುರಮೊಚಿ ಹಿಂದಿನ ಸೀಟಿನಲ್ಲಿ ಮುದುರಿ ಕೂತ. ಕೂರಬೇಕಾದದ್ದು ಈ ಹಿಂದಿನ ಸೀಟಿನಲ್ಲಲ್ಲವಲ್ಲ ಎಂದುಕೊಳ್ಳುತ್ತ ಮ್ಯೂಸಿಯಮ್ಮಿನ ದಿಕ್ಕಿಗೆ ಕತ್ತು ತಿರುಗಿಸಿದ.

ಕ್ಲಿನಿಕ್ಕಿನಲ್ಲಿ ಮೇಳಕ್ಕಿಂತ ಹೆಚ್ಚು ಹಳೆಯ ಮಾಡೆಲ್ಲುಗಳು ಸಾಲಾಗಿ ಕೂತು ಕೆಮ್ಮುತ್ತಿದ್ದವು. ನರ್ಸು ಕೊಟ್ಟ ಥರ್ಮಾಮೀಟರನ್ನು ಕಂಕುಳಲ್ಲಿಟ್ಟುಕೊಂಡಾಗ ಅದು ಮೂವತ್ತಾರೂವರೆ ಡಿಗ್ರಿ ತೋರಿಸಿತು, ಮಾಮೂಲಿ ಮೈಬಿಸಿ.

"ಜ್ವರ ಇಲ್ವಲ್ಲ!" ಎಂದಳು ಉದಗಾವ ಸಾನ್, ಅವನ ಭುಜದ ಮೇಲಿಂದ ಇಣುಕಿ. "ಒಳಗೆ ಸೇರ್ಕೊಂಡಿದೆ ಅಂತ ಕಾಣತ್ತೆ. ಅದು ಇನ್ನೂ ಅಪಾಯ!"

ಕುರಮೊಚಿ ಶೌಚಾಲಯಕ್ಕೆ ಹೋಗಿ ಬರುತ್ತೇನೆಂದು ಎದ್ದ. ಶೌಚಾಲಯದ ಪಕ್ಕದಲ್ಲಿ ಹಿತ್ತಿಲ ಬಾಗಿಲಿತ್ತು. ಹೊಸಿಲಲ್ಲಿ ಒಂದು ನಿಮಿಷ ನಿಂತು, ಒಳಗಿದ್ದ ಉದಗಾವ ಸಾನ್‌ಗೆ ಕಾಣದ ಹಾಗೆ ಒಂದು ದೀರ್ಘ ನಮಸ್ಕಾರ ಮಾಡಿ, ಓಡಿದ.

ಮ್ಯೂಸಿಯಮ್ಮಿನ ಅಂಗಳ ತುಂಬಿಹೋಗಿತ್ತು. ಮೂರು ಗಾಲಿಯ ಟ್ರಕ್ಕುಗಳು, ಟಿಫಿನ್ ಡಬ್ಬಿಯಷ್ಟೇ ಇರುವ ಕಾರುಗಳು, ಅವುಗಳ ಪಕ್ಕದಲ್ಲಿ ಅವುಗಳಿಗಿಂತ ಹೆಚ್ಚು ಹೊಳೆಯುವ ಮಾಲೀಕರು. ಟೋಕನ್ ಸಾಲಿನ ಕೊನೆಯಲ್ಲಿ ನಿಂತು ಎಣಿಸಿದ. ಅವನದು ಮೂವತ್ತೆಂಟನೆಯ ಜಾಗ. ಎದೆ ಹಗುರಾಯಿತು. ಅಷ್ಟರಲ್ಲಿ ವಯಸ್ಸಾದ ದಂಪತಿ ಏದುಸಿರು ಬಿಡುತ್ತ ಬಂದು ಅವನ ಹಿಂದೆ ನಿಂತರು.

"ದಯವಿಟ್ಟು ಮುಂದೆ ಹೋಗಿ," ಎಂದ ಕುರಮೊಚಿ. ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

"ಛೆ ಛೆ, ನೀವು ಮೊದಲು ಬಂದಿದ್ದು."

"ಇಲ್ಲ ಇಲ್ಲ, ನೀವು."

ಅವರು ಹೋಗಿಯೇ ಬಿಟ್ಟರು. ಅವನಿಗೆ ಸಿಕ್ಕಿದ್ದು ನಲವತ್ತನೆಯ ಟೋಕನ್, ಕಟ್ಟಕಡೆಯದು. ಟಿಕೆಟ್ ಕೌಂಟರಿನ ಹೊರಿಗೊಮೆ ಅದನ್ನು ಎರಡು ಕೈಯಲ್ಲಿ ಕೊಡುತ್ತ ಕಪ್ಪು ಕನ್ನಡಕದೊಳಕ್ಕೆ ನೋಡಿದಳು. ಅವನು ಜೋರಾಗಿ ಕೆಮ್ಮಿದ. ಅವಳು ಹಿಂದೆ ಸರಿದಳು. ಟೋಕನ್ನನ್ನು ಒಳಗಿನ ಜೇಬಿಗೆ ಹಾಕಿ ಅವನು ಅದರ ಮೇಲೆ ಅಂಗೈ ಒತ್ತಿಕೊಂಡ. ಇನ್ನು ಎರಡು ಗಂಟೆಯೊಳಗೆ ಅಮ್ಮನಿಗೆ ಹೇಳಲು ಮಾತಿರುತ್ತದೆ.

ಹತ್ತು ಗಂಟೆ ಹೊಡೆಯಿತು. ಕಪ್ಪು ಕಾರಿನ ಮುಂದೆ ನಿರ್ದೇಶಕ ತೊಗಾಶಿಯವರು ನಿಂತಿದ್ದರು, ಮುಖ ಬೆವೆತು. ಅವರು ನಲವತ್ತು ಮಂದಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಕ್ಷಮೆ ಕೇಳಲು ಮಾತೇ ಇಲ್ಲ. ಹಿಂದಿನ ಬಾಗಿಲು ತೆಗೆಯಕ್ಕೆ ಆಗ್ತಾ ಇಲ್ಲ. ಎಂಟು ಗಂಟೆಯಿಂದ ಒದ್ದಾಡ್ತಾ ಇದೀವಿ. ಇನ್ನೂ ಬಲ ಹಾಕಿದ್ರೆ ಹಿಡಿಕೆ ಕೈಗೆ ಬರತ್ತೆ. ಅದನ್ನ ತೆಗೆಯೋರು ನಮ್ಮ ಕುರಮೊಚಿ ಸಾನ್ ಒಬ್ಬರೇ. ಅವರಿಗೆ ಇವತ್ತು ವಿಪರೀತ ಜ್ವರ."

ಕುರಮೊಚಿ ಜೇಬಿನ ಟೋಕನ್ನನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದ. ಬಾಗಿಲನ್ನು ಹೆಬ್ಬೆರಳಿನಷ್ಟು ಮೇಲೆತ್ತಿ, ಸೊಂಟದಿಂದ ಮೆಲ್ಲಗೆ ಒತ್ತಿ, ಆಮೇಲೆ ಹಿಡಿಕೆ ತಿರುಗಿಸಬೇಕು. ಅದೊಂದು ಗುಟ್ಟೆಂದು ಅವನಿಗೆ ಹೊಳೆದೇ ಇರಲಿಲ್ಲ. ಹತ್ತೊಂಬತ್ತು ವರ್ಷ ಅವನ ಕೈ ಅದನ್ನು ಮಾಡುತ್ತ ಬಂದಿತ್ತು, ತಲೆಗೆ ತಿಳಿಸಿರಲಿಲ್ಲ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. "ಪಾಪ, ಮೇಳದ ದಿನವೇ ಜ್ವರ!" ಎಂದಳು ಒಬ್ಬಳು ಹೆಂಗಸು. "ಅವರಿಗೆ ಎಷ್ಟು ಬೇಜಾರಾಗಿರಬೇಕು," ಎಂದ ಮತ್ತೊಬ್ಬ. ಯಾರೋ ಅಂಗಡಿಯಿಂದ ಚೌಕಾಕಾರದ ದಪ್ಪ ರಟ್ಟೊಂದನ್ನು ತಂದೇಬಿಟ್ಟರು. ರೋಗಿಗೆ ಎಲ್ಲರೂ ಸೇರಿ ಹಾರೈಕೆ ಬರೆದು ಕಳಿಸೋಣ ಎಂದರು. ರಟ್ಟು ಕೈಯಿಂದ ಕೈಗೆ ಸಾಗಿತು. ‘ಬೇಗ ಗುಣವಾಗಿ.’ ‘ಬಿಸಿನೀರು ಕುಡಿಯಿರಿ.’ ‘ನಿಮ್ಮಂಥವರಿಂದ ಹಳೆಯ ಕಾರುಗಳು ಉಳಿದಿವೆ.’ ಒಂದೊಂದನ್ನು ಓದುತ್ತಿದ್ದಂತೆ ಕುರಮೊಚಿಗೆ ನಿಜಕ್ಕೂ ಜ್ವರ ಬಂದಂತಾಯಿತು.

ಕೊನೆಗೆ ರಟ್ಟು, ಪೆನ್ನು ಅವನ ಕೈಗೆ ಬಂದವು. ಏನು ಬರೆಯುವುದು? ನನಗೆ ನಾನೇ ಗುಣವಾಗು ಎನ್ನಲೇ? ಸುತ್ತ ನಿಂತವರು ಕಾಯುತ್ತಿದ್ದರು. ಕಾಯಿಸುವುದು ಅವನಿಂದಾಗದು. ‘ನಿಮಗೆಲ್ಲ ತೊಂದರೆ ಕೊಟ್ಟೆ, ದಯವಿಟ್ಟು ಕ್ಷಮಿಸಿ’ ಎಂದು ಬರೆದ. ಬರೆದದ್ದರ ಕೆಳಗೆ ಹೆಸರು ಹಾಕದೆ ಬಿಡುವುದು ಅಸಭ್ಯತೆ ಎಂದು ಚಿಕ್ಕಂದಿನಿಂದ ಕಲಿತವನು, ಕೆಳಗೆ ಸ್ಪಷ್ಟವಾಗಿ, ದುಂಡಗೆ, ‘ಕುರಮೊಚಿ’ ಎಂದು ಸಹಿ ಹಾಕಿದ.

ತೊಗಾಶಿಯವರು ರಟ್ಟನ್ನು ತೆಗೆದುಕೊಂಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಅವನನ್ನು ನೋಡಿದರು.

"ಕುರಮೊಚಿ ಸಾನ್?"

ಅವನು ಮಾಸ್ಕ್ ಇಳಿಸಿದ. "ಸರ್, ನಿಜ ಹೇಳ್ಬೇಕು ಅಂದ್ರೆ..."

"ಜ್ವರದಲ್ಲಿ ಎದ್ದು ಬಂದ್ರಾ!" ತೊಗಾಶಿಯವರ ಕಣ್ಣಲ್ಲಿ ನೀರು ತುಂಬಿತು. "ಮನೇಲಿ ಮಲಗಿ ಅಂದ್ರೂ ಕೇಳದೆ ಬಂದ್ರಾ! ನೋಡಿ, ಎಲ್ಲರೂ ನೋಡಿ ಇವರನ್ನ!"

"ಇಲ್ಲ ಸರ್, ನಾನು..."

ಅಷ್ಟೂ ಮಂದಿಯ ಚಪ್ಪಾಳೆಯಲ್ಲಿ ಅವನ ನಿಜ ಕೊಚ್ಚಿಹೋಯಿತು. ಯಾರೋ ಬಿಳಿ ಗವುಸು ತಂದು ಕೈಗೆ ತೊಡಿಸಿದರು. ಇನ್ನು ಆ ಟೋಕನ್ ಜೇಬಿನಲ್ಲಿಟ್ಟುಕೊಳ್ಳುವುದು ಕಳ್ಳತನವಾದೀತು. ಹೊರಿಗೊಮೆಯ ಕೈಗೆ ಅದನ್ನು ಕೊಡುತ್ತ, "ಟೋಕನ್ ಸಿಗದೆ ವಾಪಸ್ ಹೋಗ್ತಿರೋರು ಯಾರಿಗಾದ್ರೂ ಕೊಡಿ," ಎಂದ. ಕೊಟ್ಟ ಮೇಲೂ ಬೆರಳು ಒಂದು ಕ್ಷಣ ಅದನ್ನು ಬಿಡಲಿಲ್ಲ. ಹೊರಿಗೊಮೆ ಸ್ವಲ್ಪ ಎಳೆಯಬೇಕಾಯಿತು.

ಬಾಗಿಲು ಎತ್ತಿದ, ಒತ್ತಿದ, ತಿರುಗಿಸಿದ. ಬೆಣ್ಣೆಯಂತೆ ತೆರೆಯಿತು.

ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಕೂತು ಇಳಿದವರನ್ನು ಕೇಳಿ, ಅದನ್ನೇ ಅಮ್ಮನಿಗೆ ಹೇಳಿದರಾಯಿತು. "ಬೆನ್ನಿಗೆ ಹೇಗಿತ್ತು?" ಎಂದು ಒಬ್ಬೊಬ್ಬರನ್ನೂ ಮೆಲ್ಲಗೆ ಕೇಳಿದ. "ಮೋಡ ಕಣ್ರೀ, ಮೋಡ," ಎಂದ ಒಬ್ಬ. "ನಮ್ಮ ಆಫೀಸಿನ ಸೋಫಾ ಇದ್ದಂಗಿದೆ," ಎಂದ ಇನ್ನೊಬ್ಬ. ಅವನು ಸಾಲಿನಲ್ಲಿ ಮುಂದೆ ಬಿಟ್ಟಿದ್ದ ವಯಸ್ಸಾದ ದಂಪತಿಯಲ್ಲಿ ಹೆಂಡತಿ "ತುಂಬ ಮೆತ್ತಗೆ" ಎಂದಳು, ಗಂಡ "ತುಂಬ ಗಟ್ಟಿ" ಎಂದ, ಇಬ್ಬರೂ ಜಗಳವಾಡುತ್ತ ಹೋದರು. ಮೂವತ್ತೊಂಬತ್ತು ಮಂದಿ ಇಳಿಯುವ ಹೊತ್ತಿಗೆ ಅವನ ತಲೆಯೊಳಗೆ ಮೂವತ್ತೊಂಬತ್ತು ಸೀಟುಗಳಿದ್ದವು. ಅವುಗಳಲ್ಲಿ ಯಾವುದೂ ಅಮ್ಮ ಕೇಳಿದ್ದಲ್ಲ.

"ನಲವತ್ತು!" ಎಂದು ಕೂಗಿದಳು ಹೊರಿಗೊಮೆ.

ಗಾಲಿಕುರ್ಚಿಯೊಂದು ಬಂತು. ತಳ್ಳುತ್ತಿದ್ದವಳು ಉದಗಾವ ಸಾನ್, ಕೆಂಡದಂಥ ಮುಖ. ಕೂತವಳು ಫುಸಾಯೆ, ಹಬ್ಬದ ಕಿಮೊನೊ, ಮಡಿಲಲ್ಲಿ ಟೋಕನ್.

"ಕ್ಲಿನಿಕ್‌ನಲ್ಲಿ ನಿಮ್ಮ ಹೆಸರು ಮೂರು ಸಲ ಕರೆದ್ರು ಕುರಮೊಚಿ ಸಾನ್!" ಎಂದಳು ಉದಗಾವ ಸಾನ್. "ಶೌಚಾಲಯದಲ್ಲಿ ಬಿದ್ದಿದೀರಿ ಅಂತ ಬಾಗಿಲು ಮುರಿಸಿದೆ. ಒಳಗೆ ಬೇರೆ ಯಾರೋ ಇದ್ರು! ಎಂಥ ಅವಮಾನ! ನಿಮ್ಮಮ್ಮನ ಹತ್ರ ಓಡಿದ್ರೆ, ‘ಅವನು ಎಲ್ಲಿದಾನೆ ನಂಗೊತ್ತು, ನಡಿ’ ಅಂದ್ರು."

"ಬೈಯೋಕೆ ಬಂದೆ ಕಣೋ," ಎಂದಳು ಫುಸಾಯೆ ತಗ್ಗಿದ ದನಿಯಲ್ಲಿ. "ಬಂದ್ರೆ ಇವಳ ನಾದಿನಿ ಇದನ್ನ ಕೈಗೆ ತುರುಕಿದಳು. ಬೇಡ ಅಂದ್ರೆ ಅವಳಿಗೆ ಬೇಜಾರಾಗತ್ತೆ."

ಕುರಮೊಚಿ ಬಗ್ಗಿ ಅಮ್ಮನನ್ನು ಎತ್ತಿಕೊಂಡ. ಒಣಗಲು ಹಾಕಿದ ಬಟ್ಟೆಯಷ್ಟು ಹಗುರವಾಗಿದ್ದಳು. ಒಳಗೆ ಕೂರಿಸುವಾಗ ಅವನ ಎರಡು ತೋಳು ಮೊಣಕೈವರೆಗೆ ಕಾರಿನೊಳಗೆ ಹೋದವು. ಅವನ ಮಿಕ್ಕ ಮೈಯೆಲ್ಲ ಹೊರಗೇ ಉಳಿಯಿತು.

ಫುಸಾಯೆ ಒರಗಿದಳು. ಕಣ್ಣು ಮುಚ್ಚಿದಳು. ಅವಳ ಬೆರಳು ಲೇಸಿನ ಅಂಚಿನ ಮೇಲೆ ಒಂದೊಂದೇ ಹೂವನ್ನು ಮುಟ್ಟುತ್ತ ಸಾಗಿತು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಮೂರಾಯಿತು. ಸಮಯ ಮುಗಿಯಿತೆಂದು ಹೇಳಬೇಕಾದವನು ಕುರಮೊಚಿ. ಅವನು ಹೇಳಲಿಲ್ಲ.

ಅವಳೇ ಕಣ್ಣು ತೆರೆದು ನಿರ್ದೇಶಕರನ್ನು ಕರೆದಳು. "ಏನಪ್ಪಾ ತೊಗಾಶಿ ಸಾನ್. ಬೆಳಗ್ಗೆಯಿಂದ ನನ್ನ ಮಗನ್ನ ನಿಲ್ಲಿಸಿಬಿಟ್ಟಿದೀರಂತೆ. ಮೈ ಸರಿಯಿಲ್ಲದವನು. ಒಂದು ಗಳಿಗೆ ಅವನನ್ನೂ ಕೂರಿಸಬಾರದಾ?"

ಇದೇ ಮಾತು. ಮೂರು ಬಾರಿ ಕೋಣೆಗೆ ಹೋಗಿ ಹೇಳಲಾಗದೆ ಬಂದ ಮಾತು ಇಷ್ಟು ಚಿಕ್ಕದಿತ್ತು. ಸೀಟಿನಲ್ಲಿ ಅಮ್ಮನ ಪಕ್ಕ ಒಬ್ಬರಿಗಾಗುವಷ್ಟು ಬಿಳಿ ಲೇಸು ಖಾಲಿ ಇತ್ತು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ತೊಗಾಶಿಯವರು ಹಣೆ ಚಚ್ಚಿಕೊಂಡರು. "ಖಂಡಿತ ಕೂರಬೇಕು! ಈಗಲೇ ಕೂರಬೇಕು!" ಆಮೇಲೆ ಹಿಂದಕ್ಕೆ ತಿರುಗಿ ಅಂಗಳ ಅದುರುವಂತೆ ಕೂಗಿದರು: "ಯಾರಲ್ಲಿ! ಒಂದು ಕುರ್ಚಿ ತನ್ನಿ!"

ಮಡಚುವ ಕಬ್ಬಿಣದ ಕುರ್ಚಿ ಬಂತು. ಕಾರಿನ ಪಕ್ಕದಲ್ಲಿಟ್ಟು, ನಾಲ್ಕು ಜನ ಹಿಡಿದು ಕುರಮೊಚಿಯನ್ನು ಅದರಲ್ಲಿ ಕೂರಿಸಿದರು. ಉದಗಾವ ಸಾನ್ ಕಾಲಿಗೆ ಕಂಬಳಿ ಹೊದಿಸಿ, ಅದರ ಅಂಚುಗಳನ್ನು ಏಳಲಾಗದಂತೆ ಕೆಳಗೆ ಸಿಕ್ಕಿಸಿದಳು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಅವನು ಕೂತಲ್ಲಿಂದಲೇ ಎಲ್ಲರಿಗೂ ನಮಸ್ಕರಿಸಿದ.

ತೆರೆದ ಬಾಗಿಲಿನಾಚೆ, ಒಂದು ಮೊಳ ದೂರದಲ್ಲಿ, ಅಮ್ಮ ಕೂತಿದ್ದಳು. ಅವಳು ಅವನ ಕುರ್ಚಿಯನ್ನೊಮ್ಮೆ, ತನ್ನ ಪಕ್ಕದ ಖಾಲಿ ಜಾಗವನ್ನೊಮ್ಮೆ ನೋಡಿದಳು. ಅವಳ ತುಟಿ ಅದುರಿತು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

"ಹೇಳಮ್ಮ," ಎಂದ ಅವನು, ಯಾರಿಗೂ ಕೇಳದ ಹಾಗೆ. "ಬೆನ್ನಿಗೆ ಹೇಗಿದೆ?"

ಫುಸಾಯೆ ಇನ್ನೊಮ್ಮೆ ಬೆನ್ನು ಒರಗಿಸಿ ನೋಡಿದಳು.

"ಚೆನ್ನಾಗಿದೆ," ಎಂದಳು.