ಪುರವಂತರ ಮೇಳಕ್ಕೆ ವೀಸಾ ಮಾಡಿಸಿದ್ದು

ಕಲಾವಿದರ ಬೆನ್ನು ಹತ್ತಿದ ವ್ಯಾಪಾರಿಗೆ ತಲೆ ತಗ್ಗಿಸುವ ಪ್ರಸಂಗಗಳಿಗೆ ಬರವಿಲ್ಲ. ಕೊಟ್ಟೂರಿನಲ್ಲಿ ನನ್ನದು ಮೆಕ್ಕೆಜೋಳದ ವ್ಯಾಪಾರ. ವೀರಭದ್ರನ ವೇಷ ತೊಟ್ಟು ಒಡಪು ಹೇಳಿ ಕುಣಿಯುವ ಹೊಸಹಳ್ಳಿ ಕಡೆಯ ಪುರವಂತರೊಬ್ಬರಿಗೂ ಸಮಾಳ ಬಾರಿಸುವ ಅವರ ಮೇಳದವರಿಗೂ ಹೊರದೇಶದ ಕನ್ನಡಿಗರಿಂದ ಕರೆ ಬಂತು. ಪುರವಂತರ ತಂದೆಯ ಒಡಪು ಹರಪನಹಳ್ಳಿ ದಾಟಿರಲಿಲ್ಲ. ಇವರಿಗೆ ಅದನ್ನು ಸಮುದ್ರ ದಾಟಿಸುವ ಆಸೆ. ಕಾಗದಪತ್ರಕ್ಕೆ ಒಬ್ಬ ವ್ಯವಸ್ಥಾಪಕ ಬೇಕೆಂದು ನನ್ನ ಹೆಸರು ಸೇರಿಸಿದರು. ನನಗೋ ತಾಳ ಯಾವುದು, ತಗಡು ಯಾವುದು ತಿಳಿಯದು.

ಹಣೆ

ಸ್ಟುಡಿಯೋದ ಸಾಬರು ಮೆಲ್ಲಗೆ, "ವೀಸಾ ಫೋಟೋಕ್ಕ ಹಣಿ ಬೋಳು ಇರ್ಬೇಕಂತ್ರಿ ಅಜ್ಜಾರ" ಎಂದರು. ಪುರವಂತರು ನನ್ನ ಮುಖ ನೋಡಿದರು.

"ವಿಭೂತಿ ಒರೆಸ್ರಿ, ಆಮ್ಯಾಲೆ ಹಚ್ಚಿಗೊಂಡ್ರಾತು" ಎಂದೆ ನಾನು. ವಿಭೂತಿ ಹಚ್ಚಿಕೊಂಡೇ ಗಲ್ಲಾದ ಮೇಲೆ ಕೂರುವವನು ನಾನು. ಸಾಬರೇ ನಾಚಿ ಅತ್ತ ತಿರುಗಿದರು.

ಫೋಟೋ ಮನೆಗೆ ಹೋಯಿತು. ಪುರವಂತರ ಹೆಂಡತಿ ತಿರುಗಿಸಿ ಮುರುಗಿಸಿ ನೋಡಿ, "ಈ ಮೇಷ್ಟ್ರು ಯಾರು? ನಿಮ್ಮ ಫೋಟೋ ಎಲ್ಲೈತಿ?" ಎಂದರು.

ಶಸ್ತ್ರ

ಆಯುಧದ ತರಬೇತಿ ಪಡೆದಿದ್ದೀರಾ ಎಂದು ಅರ್ಜಿಯಲ್ಲಿ ಕೇಳಿದ್ದರು. ನಾನು ‘ಇಲ್ಲ’ ಒತ್ತಲು ಹೋದೆ.

"ಯಾಕ ಸುಳ್ಳು? ಶಸ್ತ್ರ ಹಿಡಿಯೋದು ನಮ್ಮಪ್ಪನ ಕಲಿಸ್ಯಾನ."

"ಹೌದು ಅಂದ್ರ ನಿಮ್ಮನ್ನ ಒಳಗ ಹಾಕ್ತಾರ್ರಿ."

"ಇಲ್ಲ ಅಂತ ಬರದು, ಅಲ್ಲಿ ಹೋಗಿ ನಾನು ಗಲ್ಲಕ್ಕ ಶಸ್ತ್ರ ಚುಚ್ಚಿಗೊಂಡು ನಿಂತೆ ಅನ್ರಿ. ಅವಾಗ ಬರದಾವ್ರನ್ನ ಹಾಕ್ತಾರ."

ನಾನು ‘ಹೌದು’ ಒತ್ತಿದೆ.

ಗಾಜಿನ ಕಿಟಕಿ

ನಮ್ಮ ಕಡೆ ಒಂದು ಪದ್ಧತಿ. ಮೆರವಣಿಗೆಯಲ್ಲಿ ಪುರವಂತರನ್ನು ಯಾರಾದರೂ ಪ್ರಶ್ನೆ ಹಾಕಿ ತಡೆದರೆ, ಅವರು ಉತ್ತರ ಹೇಳಿ ತಿರುಗಿ ಒಂದು ಪ್ರಶ್ನೆ ಹಾಕುತ್ತಾರೆ. ತಡೆದವನು ಅದಕ್ಕೆ ಉತ್ತರ ಕೊಡಲೇಬೇಕು.

ಚೆನ್ನೈನ ವೀಸಾ ಕಚೇರಿಯಲ್ಲಿ ಮೇಳದವರು ಮುಂದೆ, ನಾನು ಹಿಂದೆ. ಗಾಜಿನಾಚೆಯ ಸಾಹೇಬ ದುಭಾಷಿ ಹೆಣ್ಣುಮಗಳ ಮೂಲಕ, "ಕಾರ್ಯಕ್ರಮ ಮುಗಿದ ಮೇಲೆ ವಾಪಸ್ ಬರುತ್ತೀರಿ ಎನ್ನಲು ಏನು ಆಧಾರ?" ಎಂದು ಕೇಳಿಸಿದ.

"ನಮ್ಮ ದೇವ್ರು ಇಲ್ಲೇ ಅದಾನಲ್ರಿ" ಎಂದ ಪುರವಂತರು, ಬೀದಿಗೆಲ್ಲ ಕೇಳುವ ದನಿ ತೆಗೆದರು: "ಈಗ ನನ್ನ ಪ್ರಶ್ನಿ. ನೀವೂ ನಮ್ಮ ದೇಶಕ್ಕ ಬಂದೀರಿ. ವಾಪಸ್ ಹೋಗ್ತೀರಿ ಅನ್ನಾಕ ಏನ್ ಆಧಾರ ಐತಿ?"

ಸಮಾಳದವರು ರೂಢಿಯಂತೆ "ಖಡೇ ಖಡೇ" ಎಂದು ದನಿಗೂಡಿಸಿದರು. ಸಾಲಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ನಾನು ಇವರಾರೋ ಎಂಬಂತೆ ಗೋಡೆ ನೋಡಿದೆ.

ಸಾಹೇಬ, "ಏನಂದರು?" ಎಂದ. ದುಭಾಷಿ ತುಸು ಯೋಚಿಸಿ ಹೇಳಿದಳು: "ನಮಸ್ಕಾರ ಅಂದ್ರು."

ವ್ಯವಸ್ಥಾಪಕ

ಮೇಳಕ್ಕೆ ವೀಸಾ ಸಿಗಲಿಲ್ಲ. ನನ್ನ ಗೋದಾಮು, ಬ್ಯಾಂಕಿನ ಕಾಗದ ನೋಡಿ ನನಗೆ ಮಾತ್ರ ಕೊಟ್ಟರು. ಬಾರಿಸುವವರು ಇಲ್ಲಿ, ಬಾರಿಸಲು ಬಾರದವನಿಗೆ ಅಪ್ಪಣೆ.

ಪುರವಂತರು ನನ್ನ ಅಂಗಡಿಯಲ್ಲಿಟ್ಟಿದ್ದ ವೇಷದ ಗಂಟು ಒಯ್ಯಲು ಬಂದ ಹೊತ್ತಿಗೇ ಹೊರದೇಶದ ಸಂಘಟಕರ ಫೋನು ಬಂತು. "ಜಾಹೀರಾತು ಕೊಟ್ಟಾಗಿದೆ. ನೀವೇ ವೇಷ ಹಾಕಿ ನಿಂತುಬಿಡಿ ಸಾರ್, ಇಲ್ಲಿ ಯಾರಿಗೆ ಗೊತ್ತಾಗುತ್ತೆ?" ಪುರವಂತರಿಗೆ ಎಲ್ಲ ಕೇಳಿಸಿತು. ಅವರತ್ತ ನೋಡಲು ನನಗೆ ಮುಖವಿರಲಿಲ್ಲ.

ಅವರು ಗಂಟು ಬಿಚ್ಚಿ, ತಮ್ಮ ನಡುಪಟ್ಟಿ ತೆಗೆದು ನನ್ನ ಸುತ್ತ ತಂದರು. ತುದಿಗಳು ಕೂಡಲಿಲ್ಲ. ಉಸಿರು ಬಿಗಿಹಿಡಿದೆ, ಆಗಲೂ ಕೂಡಲಿಲ್ಲ. ಪಟ್ಟಿ ಮಡಚುತ್ತಾ ಅವರೆಂದರು:

"ಸಾವ್ಕಾರ್ರ, ಸಾಹೇಬ ನಿಮ್ಮ ಕಾಗದ ನೋಡಿಲ್ಲ ಬಿಡ್ರಿ, ಹೊಟ್ಟಿ ನೋಡ್ಯಾನ. ಇದನ್ನ ಹೊತ್ಗೊಂಡು ಎಲ್ಲಿ ಓಡಿ ಹೋದಾನು ಅಂತ ಕೊಟ್ಟಾನ."