ಹೋಟ್ಲಿಗೆ ಹಿಡಿದ ಕಾಯ್ಲೆ

ಗಂಗೊಳ್ಳಿ ಬಂದರಿಗೆ ಹೋಗುವ ರಸ್ತೆಯಲ್ಲಿ ಪ್ರೇಮಾನಂದನದೊಂದು ಹೋಟೆಲು. ಅಡುಗೆಮನೆ ಹೆಂಡತಿ ಚಂದ್ರಮತಿಯದು, ಗಲ್ಲಾ ಅವನದು, ಚಿಂತೆಯೂ ಅವನದೇ. ಗಿರಾಕಿ ಅರ್ಧ ಇಡ್ಲಿ ಬಿಟ್ಟು ಎದ್ದರೂ ಅವನು ಆ ತಟ್ಟೆಯನ್ನೆತ್ತಿ ಮೂಸಿ ನೋಡುತ್ತಿದ್ದ. ಮಳೆಗಾಲ ಮುಗಿದು ಬೋಟುಗಳೆಲ್ಲ ಕಡಲಿಗಿಳಿದರೂ ಬೆಳಗಿನ ಹೊತ್ತು ಬೆಂಚುಗಳು ತುಂಬುತ್ತಿಲ್ಲ ಎಂಬುದು ಅವನ ಈಚಿನ ಚಿಂತೆ. ಅದನ್ನು, ಒಂದು ಬೆಳಿಗ್ಗೆ ತಿಂಡಿಗೆ ಬಂದ ಎದುರಿನ ಫ್ಯಾನ್ಸಿ ಅಂಗಡಿಯ ಉಮಾನಾಥನ ಹತ್ತಿರ ಹೇಳಿಕೊಂಡದ್ದೇ ಎಡವಟ್ಟಾಯಿತು.

"ಇದಕ್ಕೆಲ್ಲ ತಲೆಬಿಸಿ ಎಂತಕೆ ಪ್ರೇಮಾನಂದಣ್ಣ? ವ್ಯಾಪಾರ ವೈದ್ಯ ಅಂದೇಳಿ ಒಂದ್ ಆ್ಯಪ್ ಇತ್ತ್. ಅದ್ ಕೇಂಡದ್ದಕ್ಕೆ ಉತ್ತರ ಕೊಟ್ರೆ ಸಾಕ್. ನಿಮ್ ವ್ಯಾಪಾರಕ್ಕೆ ಎಂತ ಆಯ್ತ್ ಅಂದೇಳಿ ಕೂಡ್ಲೆ ಹೇಳತ್ತ್," ಎಂದು ಉಮಾನಾಥ ಅವನ ಫೋನನ್ನು ಕೈಗೆ ತೆಗೆದುಕೊಂಡೇಬಿಟ್ಟ.

ಪ್ರೇಮಾನಂದ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ. ಹಾಗಾಗಿ ಉಮಾನಾಥ ಆ್ಯಪ್ ಮಾತಾಡುವಂತೆ ಮಾಡಿ, ದನಿಯನ್ನು ಪೂರ್ತಿ ಏರಿಸಿ ಕೊಟ್ಟು, ತನ್ನ ಅಂಗಡಿಗೆ ಹೋದ.

"ನಿಮ್ಮ ಅಡುಗೆಯವರು ತರಬೇತಿ ಪಡೆದಿದ್ದಾರೆಯೇ?" ಫೋನು ಕೇಳಿತು.

"ಇಲ್ಲೆ."

"ಸಾಮಗ್ರಿಗಳನ್ನು ಅಳೆದು ಹಾಕುತ್ತಾರೆಯೇ?"

"ಎಲ್ಲ ಕೈಯಂದಾಜೇ."

"ಮಾಲೀಕರ ಮಾತು ಕೇಳುತ್ತಾರೆಯೇ?"

ಪ್ರೇಮಾನಂದ ಅಡುಗೆಮನೆಯ ಕಡೆಗೊಮ್ಮೆ ನೋಡಿ, ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ: "ಎಂತದೂ ಕೇಂತಿಲ್ಲೆ."

ಅವನು ದನಿ ತಗ್ಗಿಸಿದ್ದ. ಆ್ಯಪ್ ತಗ್ಗಿಸಲಿಲ್ಲ.

"ಕಾಯಿಲೆ ಪತ್ತೆಯಾಗಿದೆ! ಗಂಭೀರ ಹಂತದಲ್ಲಿದೆ! ಕಾಯಿಲೆಯ ಮೂಲ ಅಡುಗೆಮನೆ!"

ತಿಂಡಿ ತಿನ್ನುತ್ತಿದ್ದ ಬೋಟಿನವರ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಮೀನಿನ ಬುಟ್ಟಿಯನ್ನು ಹೊರಗಿಟ್ಟು ಚಾ ಕುಡಿಯಲು ಬಂದಿದ್ದ ಜಲಜ ಲೋಟವನ್ನು ಹಾವು ಕಂಡವಳಂತೆ ದೂರ ತಳ್ಳಿದಳು.

"ಹ್ವಾಯ್, ಎಂತ ಕಾಯ್ಲೆ ಅದ್? ಚಾ ಕುಡುಕೆ ಮೊದ್ಲೇ ಹೇಳುಕಾಗ್ದಾ ನಿಮ್ಗೆ?"

"ಹಾಂಗಿದ್ ಕಾಯ್ಲೆ ಅಲ್ಲ ಜಲಜಕ್ಕ, ಇದ್ ವ್ಯಾಪಾರದ್ದ್..."

"ಚಿಕಿತ್ಸೆ: ಅಡುಗೆಯವರನ್ನು ಕೂಡಲೇ ಬದಲಾಯಿಸಿ!" ಎಂದು ಫೋನು ಕೂಗಿತು.

ಅಡುಗೆಮನೆಯ ಬಾಗಿಲಲ್ಲಿ ಚಂದ್ರಮತಿ ನಿಂತಿದ್ದಳು. ಅವಳ ಕೈಯ ಜಾಲರಿ ಸಟ್ಟುಗದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಎಂತ ಹೇಳ್ತ್ ಅದ್?"

"ಅದ್ ಮಷಿನ್ ಮರಾಯ್ತಿ. ಅದಕ್ಕೆಂತ ಗೊತ್ತಿತ್ತ್?"

"ನೀವ್ ಹೇಳ್ದೆ ಅದಕ್ಕೆ ಹ್ಯಾಂಗ್ ಗೊತ್ತಾಯ್ತ್? ಬದಲಾಯ್ಸಿ. ಯಾರ್ ಬತ್ರ್ ಅಂದೇಳಿ ನಾನೂ ಕಾಂತೆ!"

ಸಟ್ಟುಗವನ್ನು ಗಂಡನ ಕೈಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ರಸ್ತೆ ದಾಟಿ ಉಮಾನಾಥನ ಅಂಗಡಿಯ ಸ್ಟೂಲಿನ ಮೇಲೆ ಹೋಗಿ ಕೂತಳು.

ಬೋಟಿನವರು ಒಬ್ಬೊಬ್ಬರಾಗಿ ಎದ್ದರು. ಅವರನ್ನು ನಿಲ್ಲಿಸಬೇಕೆಂದು ಪ್ರೇಮಾನಂದ ತಾನೇ ಒಲೆಯ ಮುಂದೆ ನಿಂತ. ಅವನು ಕರಿದ ಬನ್ಸು ಬೋಟಿಗೆ ಲಂಗರಾಗುವಷ್ಟು ಗಟ್ಟಿಯಾಯಿತು. ಅದನ್ನು ಮುರಿಯಲು ಹೆಣಗುವಷ್ಟರಲ್ಲಿ ಸಾಂಬಾರಿನ ತಳ ಹಿಡಿಯಿತು. ಹೊಗೆ ರಸ್ತೆಗೆ ಬಂತು. ಅತ್ತ ಜಲಜ ಮನೆಮನೆಯ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಾ, ಮೀನಿನ ಜೊತೆ ಸುದ್ದಿಯನ್ನು ಬಿಟ್ಟಿ ಹಂಚುತ್ತಿದ್ದಳು: "ಪ್ರೇಮಾನಂದನ್ ಹೋಟ್ಲಿಗೆ ಎಂತದೋ ದೊಡ್ ಕಾಯ್ಲೆ ಅಂಬ್ರ್!"

ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಗುಲಾಬಿ ಓಡಿ ಬಂದಳು.

"ಜ್ವರ ಯಾರಿಗೆ? ವಾಂತಿ ಎಷ್ಟ್ ಜನಕ್ಕೆ?"

"ಜನಕ್ಕಲ್ಲ ಗುಲಾಬಕ್ಕ, ಕಾಯ್ಲೆ ಹೋಟ್ಲಿಗೆ."

"ಇಡೀ ಹೋಟ್ಲಿಗಾ!" ಗುಲಾಬಿ ಚೀಲದಿಂದ ಮಾಸ್ಕ್ ತೆಗೆದು ಹಾಕಿಕೊಂಡಳು. ಬೆವರಿ ಒದ್ದೆಮುದ್ದೆಯಾಗಿದ್ದ ಪ್ರೇಮಾನಂದನ ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸಿದಳು. ಆಮೇಲೆ ತಟ್ಟೆಯಲ್ಲಿದ್ದ ಬನ್ಸನ್ನು ಬೆರಳಿನಿಂದ ತಟ್ಟಿ ನೋಡಿ, "ಇದನ್ನೇ ತಿಂದದ್ದಾ ಎಲ್ರೂ?" ಎಂದಳು.

ಪ್ರೇಮಾನಂದನಿಗೆ ಅಳುವೇ ಬಂತು. ರಸ್ತೆಯಾಚೆ ಚಂದ್ರಮತಿ ತನ್ನ ಫೋನು ಹಿಡಿದು ಉಮಾನಾಥನಿಗೆ ಏನನ್ನೋ ತೋರಿಸಿ ನಗುತ್ತಿದ್ದಳು. ಹೋಗಿ ಕ್ಷಮೆ ಕೇಳಲೇ ಎಂದು ಒಂದು ಹೆಜ್ಜೆ ಇಟ್ಟ. ಅಷ್ಟು ಜನರ ಮುಂದೆ ಹೇಗೆ ಎಂದು ಆ ಹೆಜ್ಜೆಯನ್ನು ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಿ ಫೋನೇ ಮಾತಾಡಿತು.

"ಹೊಸ ಅಡುಗೆಯವರು ಬೇಕೇ? ನಿಮ್ಮ ಹತ್ತಿರದಲ್ಲೇ ಒಬ್ಬರಿದ್ದಾರೆ. ದೀರ್ಘ ಅನುಭವ. ಬನ್ಸ್, ಗೋಳಿಬಜೆಯಲ್ಲಿ ವಿಶೇಷ ಪರಿಣತಿ."

"ಯಾರ್ ಅದ್, ಒಂಚೂರ್ ಕಂಡ್ ಹೇಳಿ ಗುಲಾಬಕ್ಕ. ನಂಗೆ ಕನ್ನಡ್ಕ ಇಲ್ಲೆ."

ಗುಲಾಬಿ ಫೋಟೋ ನೋಡಿ ಮಾಸ್ಕನ್ನು ಗಲ್ಲಕ್ಕಿಳಿಸಿದಳು. "ಹ್ವಾಯ್, ಇದ್ ನಿಮ್ ಚಂದ್ರಮತಿ ಅಲ್ದಾ!"

ಪ್ರೇಮಾನಂದನಿಗೆ ಹೋದ ಜೀವ ಬಂದಂತಾಯಿತು. ಅವಳೂ ಅದೇ ಆ್ಯಪಿನಲ್ಲಿ ಹೆಸರು ಹಾಕಿಸಿಕೊಂಡಿದ್ದಾಳೆ! ಕ್ಷಮೆ ಕೇಳುವ ಗೋಜೇ ಇಲ್ಲ, ಮಷಿನ್ನೇ ಹೇಳಿದ ಮೇಲೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

"ಒತ್ತಿ ಗುಲಾಬಕ್ಕ, ಕೂಡ್ಲೆ ಒತ್ತಿ! ಅವ್ಳೇ ಬೇಕ್ ಅಂದೇಳಿ ಒತ್ತಿ!"

ಗುಲಾಬಿ ಒತ್ತಿದಳು.

"ಕ್ಷಮಿಸಿ. ಇವರನ್ನು ಈಗಷ್ಟೇ ಬೇರೊಬ್ಬ ಮಾಲೀಕರು ನೇಮಿಸಿಕೊಂಡಿದ್ದಾರೆ."

ಪ್ರೇಮಾನಂದ ಕಂಕುಳಲ್ಲಿ ಥರ್ಮಾಮೀಟರ್ ಇರುವಂತೆಯೇ ರಸ್ತೆ ದಾಟಿದ. ಉಮಾನಾಥ ಬಳೆಯ ಪೆಟ್ಟಿಗೆಗಳನ್ನು ಮೂಲೆಗೆ ಸರಿಸುತ್ತಿದ್ದವನು ತಲೆ ಕೆರೆದುಕೊಂಡ.

"ಬೇಜಾರ್ ಮಾಡ್ಬೇಡಿ ಪ್ರೇಮಾನಂದಣ್ಣ. ನನ್ ಅಂಗ್ಡಿಗೆ ಎಂತ ಆಯ್ತ್ ಅಂದೇಳಿ ನಾನೂ ಅದೇ ಆ್ಯಪಿನಲ್ಲಿ ಕೇಂಡೆ. ಬಳೆ ರಿಬ್ಬನ್ ಬಿಟ್ಟ್ ತಿಂಡಿ ಹೋಟ್ಲ್ ಮಾಡಿ, ಎದುರಿನ ಹೋಟ್ಲಲ್ಲಿ ಅಡುಗೆಯವ್ರೇ ಇಲ್ಲೆ, ಇದೇ ಒಳ್ಳೆ ಸಮಯ ಅಂದೇಳಿ ಅದ್ ಹೇಳ್ತ್."

ಪ್ರೇಮಾನಂದ ಹೆಂಡತಿಯ ಮುಖ ನೋಡಿದ.

"ಎಂತ ಕಾಂತ್ರಿ? ಇಲ್ಲಿ ಸಂಬ್ಳ ಇತ್ತ್. ವಾರಕ್ಕೊಂದ್ ರಜೆಯೂ ಇತ್ತ್," ಎಂದಳು ಚಂದ್ರಮತಿ. "ನಾಳೆಯಿಂದ ನಾನ್ ಬೆಳಿಗ್ಗೆ ಬೇಗ ಬರ್ಕ್. ಮನೆ ಅಡುಗೆ ಇನ್ ನಿಮ್ದೇ."

ಖಾಲಿಯಾಗುತ್ತಾ ಬಂದ ಬುಟ್ಟಿಯೊಂದಿಗೆ ಮರಳುತ್ತಿದ್ದ ಜಲಜ ಎಲ್ಲವನ್ನೂ ಕೇಳಿಸಿಕೊಂಡು, ಉಳಿದಿದ್ದ ಬಂಗುಡೆ ಮೀನುಗಳನ್ನು ಒಂದು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಪ್ರೇಮಾನಂದನ ಕೈಗೆ ಕೊಟ್ಟಳು.

"ತಕಣಿ, ರಾತ್ರಿ ಸಾರಿಗಾಯ್ತ್. ಮೀನ್ ಕೊಯ್ಯುಕಾದ್ರೂ ಬತ್ತಾ ನಿಮ್ಗೆ?"